ಹೊಸ ಬಟ್ಟೆ ತರೋದು ನಿಲ್ಲಿಸಿದ ಮೇಲೆ: ಇರೋದನ್ನ ಉಳಿಸ್ಕೊಳ್ಳೋ ಕೆಲಸ (ಹಾಸನ, ಚಿಕ್ಕಮಗಳೂರು ಕಡೆಯವರಿಗೆ)

ಹೇಮಾವತಿ ದಡ, ಹಾಸನ

ಯುಗಾದಿಯಿಂದ ಯುಗಾದಿಗೆ, ಒಂದು ವರ್ಷ ಹೊಸ ಬಟ್ಟೆ ತರೋದಿಲ್ಲ ಅಂತ ತೀರ್ಮಾನ ಮಾಡಿದವರಿಗಾಗಿ ಈ ಚರ್ಚೆ. ಉದ್ದೇಶ ದುಡ್ಡು ಉಳಿಸೋದಲ್ಲ. 2013ರ ಏಪ್ರಿಲ್ 24ರಂದು ಢಾಕಾ ಪಕ್ಕದ ಸಾವರ್‌ನಲ್ಲಿ ರಾಣಾ ಪ್ಲಾಜಾ ಕುಸಿದು 1,134 ಜನ ಸತ್ತರು. ಹಿಂದಿನ ದಿನವೇ ಕಟ್ಟಡ ಬಿರುಕು ಬಿಟ್ಟಿತ್ತು. ಆದರೂ ಹೊಲಿಯೋರನ್ನ ಒಳಗೆ ಕಳಿಸಿದರು. ದೂರದ್ದು ಬಿಡಿ, ನಮ್ಮ ರಾಜ್ಯದಲ್ಲೇ 2020ರ ಏಪ್ರಿಲ್‌ನಿಂದ ಕೊಡಬೇಕಿದ್ದ ತುಟ್ಟಿಭತ್ಯೆ, ತಿಂಗಳಿಗೆ 417 ರೂಪಾಯಿ, ಲಕ್ಷಾಂತರ ಗಾರ್ಮೆಂಟ್ಸ್ ಕಾರ್ಮಿಕರ ಕೈ ಸೇರೋಕೆ ಹತ್ತಿರ ಹತ್ತಿರ ಎರಡು ವರ್ಷ ಹಿಡೀತು. ಅಂಗಡೀಲಿ ಶರ್ಟು ಅಷ್ಟು ಅಗ್ಗ ಆಗೋದು ಇಂಥ ಕಡೆ ಉಳಿಸಿಕೊಂಡ ದುಡ್ಡಿನಿಂದ.

ನಿಯಮ ಸರಳ. ಒಳಉಡುಪು, ಮಳೆಕೋಟು ಬಿಟ್ಟು ಹೊಸದೇನೂ ಇಲ್ಲ. ದಾರ, ಜಿಪ್, ಎಲಾಸ್ಟಿಕ್, ಗುಂಡಿ ತರಬಹುದು. ಬೇರೆಯವರು ಉಟ್ಟು ಬಿಟ್ಟದ್ದು ತಗೋಬಹುದು.

ಕೇಳೋದು ಇಷ್ಟೇ: ಬೀರುವಿನಲ್ಲಿ ಇರೋದನ್ನ ಉಳಿಸ್ಕೊಳ್ಳೋದು ಹೇಗೆ? ಅವರವರ ಕತೆ ಬೇಡ, ಅಳತೆ ಸಮೇತ ಕೆಲಸ ಹೇಳಿ.

ನೂಲು ಲೆಕ್ಕ, ಹಾಸನ

ಮೊದಲ ಕೆಲಸ, ನಿಮ್ಮ ಹತ್ತಿರ ಇರುವ ಬಟ್ಟೆ ಯಾವುದರಿಂದ ಆಗಿದೆ ಅಂತ ತಿಳಿಯುವುದು. ಚೀಟಿ ಕಿತ್ತುಹೋಗಿದ್ದರೆ ಸುಟ್ಟು ನೋಡಿ. ಹೊಲಿಗೆಯ ಒಳಗೆ ಬಿಟ್ಟಿರುವ ಮಾರ್ಜಿನ್‌ನಿಂದ ಹಾಸಿನ (ಉದ್ದದ) ಎರಡು ಎಳೆ, ಹೊಕ್ಕಿನ (ಅಡ್ಡದ) ಎರಡು ಎಳೆ ಬೇರೆ ಬೇರೆ ಎಳೆದುಕೊಳ್ಳಿ. ಎರಡನ್ನೂ ಒಟ್ಟಿಗೆ ಸುಡಬೇಡಿ, ಎಷ್ಟೋ ಬಟ್ಟೆಗಳಲ್ಲಿ ಹಾಸು ಒಂದು ಜಾತಿ, ಹೊಕ್ಕು ಇನ್ನೊಂದು ಜಾತಿ ಇರುತ್ತದೆ. ಹತ್ತಿ ಕಾಗದದ ವಾಸನೆ ಬಂದು ಸುಡುತ್ತದೆ, ಬೂದಿ ಮೆತ್ತಗೆ ಉದುರುತ್ತದೆ. ರೇಷ್ಮೆ, ಉಣ್ಣೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಬೆಂಕಿಯಿಂದ ಮುದುಡಿಕೊಂಡು ಕರಗಿ, ತುದಿಯಲ್ಲಿ ಗಟ್ಟಿ ಮಣಿ ಕಟ್ಟುತ್ತದೆ. ಹತ್ತಿ, ಪಾಲಿಯೆಸ್ಟರ್ ಬೆರೆಸಿದ ಟೆರಿಕಾಟ್ ಎರಡೂ ತೋರಿಸುತ್ತದೆ, ಅರ್ಧ ಬೂದಿ, ಅರ್ಧ ಮಣಿ.

ರೇಯಾನ್ ಮಾತ್ರ ಮೋಸ ಮಾಡುತ್ತದೆ, ಹತ್ತಿಯಂತೆಯೇ ಉರಿಯುತ್ತದೆ. ಎಳೆಯನ್ನು ಒದ್ದೆ ಮಾಡಿ ಎಳೆದು ನೋಡಿ. ಹತ್ತಿ ನೆನೆದಾಗ ಇನ್ನೂ ಗಟ್ಟಿ. ರೇಯಾನ್ ನೆನೆದರೆ ಸುಮಾರು ಅರ್ಧ ಬಲ ಕಳೆದುಕೊಳ್ಳುತ್ತದೆ. ಕುರ್ತಿಗಳು ಒಗೆಯುವ ಕಲ್ಲಿನ ಮೇಲೆ, ಬ್ರಷ್ಷಿನ ಕೆಳಗೆ ಹರಿಯುವುದು ಇದಕ್ಕೇ. ರೇಯಾನನ್ನು ನೆನೆಸಿ, ಹಿಸುಕಿ, ಜಾಲಿಸಿ ಬಿಡಿ. ಹಿಂಡಬೇಡಿ, ಬಡಿಯಬೇಡಿ. ಅಷ್ಟು ಮಾಡಿದರೂ ಅದರ ಆಯಸ್ಸು ಎಷ್ಟೋ ಹೆಚ್ಚುತ್ತದೆ.

ಸ್ಟ್ರೆಚ್ ಪ್ಯಾಂಟಿನ ಮಂಡಿ ಜೋತುಬಿದ್ದಿದ್ದರೆ ಅದು ಸರಿಹೋಗುವುದಿಲ್ಲ. ಒಳಗಿನ ಇಲಾಸ್ಟೇನ್ (ರಬ್ಬರಿನಂತೆ ಹಿಗ್ಗುವ) ಎಳೆ ಬಿಸಿಗೆ, ಕ್ಲೋರಿನ್‌ಗೆ ಸತ್ತಿರುತ್ತದೆ. ಹಳೆಯದನ್ನು ಕೊಳ್ಳುವಾಗ ಸ್ಟ್ರೆಚ್ ಇಲ್ಲದ್ದನ್ನೇ ಆರಿಸಿ.

ಕತ್ರಿ ಕೆಲಸ, ಚನ್ನರಾಯಪಟ್ಟಣ

ನೂಲು ಲೆಕ್ಕದವರು ಹೇಳಿದ್ದಕ್ಕೆ ಸೇರಿಸ್ತೀನಿ. ಹಳೇ ಬಟ್ಟೆ ಕೈಗೆ ಬಂದಾಗ ಮೊದಲು ಬೆಳಕಿಗೆ ಹಿಡೀರಿ. ಕಂಕುಳು, ಕಾಲರ್ ಮಡಿಕೆ, ಪ್ಯಾಂಟಿನ ತೊಡೆ ಸಂದು, ಮಂಡಿ, ಈ ನಾಲ್ಕು ಕಡೆ ಬೆಳಕು ಜರಡಿ ಥರ ಕಂಡ್ರೆ ಬಟ್ಟೆ ಸವೆದಿದೆ ಅಂತ. ಆಮೇಲೆ ಒಳಗೆ ತಿರುಗಿಸಿ ಮಾರ್ಜಿನ್ ನೋಡಿ. ಟೈಲರ್ ಹೊಲಿದ ಪ್ಯಾಂಟಲ್ಲಿ ಹಿಂಭಾಗದ ಹೊಲಿಗೇಲಿ ಒಂದರಿಂದ ಒಂದೂವರೆ ಇಂಚು ಬಿಟ್ಟಿರ್ತಾರೆ, ಸೊಂಟ ಎರಡು ಇಂಚು ಬಿಡಿಸಬಹುದು. ರೆಡಿಮೇಡಲ್ಲಿ ಸಾಮಾನ್ಯವಾಗಿ ಅರ್ಧ ಇಂಚೂ ಇರಲ್ಲ, ಅದನ್ನ ಚಿಕ್ಕದು ಮಾಡಬಹುದು, ದೊಡ್ಡದು ಮಾಡೋಕಾಗಲ್ಲ. ಅದಕ್ಕೆ ಹಳೇದು ತಗೊಳ್ಳೋವಾಗ ಒಂದು ಸೈಜ್ ದೊಡ್ಡದೇ ತಗೊಳ್ಳಿ.

ಶರ್ಟ್ ಕಾಲರ್ ತಿರುಗಿಸೋ ಕೆಲಸ, ಅಂದ್ರೆ ಕಾಲರ್ ಬಿಚ್ಚಿ ಸವೆದ ಮೈ ಅಡಿಗೆ ಹೋಗೋ ಹಾಗೆ ಮಗುಚಿ ಹೊಲಿಯೋದು, ಈಗ ಯಾರೂ ಕೇಳಲ್ಲ, ಆದ್ರೆ ಇದೊಂದೇ ಒಂದು ಶರ್ಟಿಗೆ ಇನ್ನೂ ಮೂರು ನಾಲ್ಕು ವರ್ಷ ಕೊಡುತ್ತೆ. ಕ್ರಮ ಹೀಗೆ:

ಕಾಲರಿನ ನಟ್ಟನಡುವೆ ಮತ್ತು ಕಾಲರ್ ಕೂರೋ ಕತ್ತಿನ ಪಟ್ಟಿಯ ನಟ್ಟನಡುವೆ ಬಣ್ಣದ ದಾರದಲ್ಲಿ ಒಂದೊಂದು ಗುರುತು ಹಾಕಿ. ಎರಡು ತುದಿ ಪಟ್ಟಿಗೆ ಎಲ್ಲಿ ಸೇರುತ್ತೆ ಅಲ್ಲೂ ಗುರುತು ಹಾಕಿ. ಪಟ್ಟಿಗೂ ಕಾಲರಿಗೂ ಸೇರಿಸಿದ ಹೊಲಿಗೆ ಮಾತ್ರ ಬಿಚ್ಚಿ, ಪಟ್ಟಿಯನ್ನ ಶರ್ಟಿನಿಂದ ಬಿಚ್ಚಬೇಡಿ. ಬ್ಲೇಡ್ ಬೇಡ, ಹೊಲಿಗೆ ಬಿಚ್ಚೋ ಕಟ್ಟರ್ ತಗೊಂಡು ನಾಲ್ಕು ಹೊಲಿಗೆಗೊಂದರಂತೆ ಕತ್ತರಿಸಿ, ಇನ್ನೊಂದು ಕಡೆ ದಾರ ಎಳೀರಿ. ಕಾಲರ್ ಹೊರಗೆ ಬಂದ ಮೇಲೆ ಹಳೇ ದಾರದ ಚೂರು ಎಲ್ಲಾ ತೆಗೆದು ಇಸ್ತ್ರಿ ಮಾಡಿ. ಸವೆದ ಕಡೆ ಒಂದು ಇಂಚು ಅಗಲದ ತೆಳು ಹತ್ತಿ ಪಟ್ಟಿ ಇಟ್ಟು, ಹತ್ತಿರ ಹತ್ತಿರ ಉದ್ದ ಹೊಲಿಗೆ ನಾಲ್ಕೈದು ಸಾಲು ಓಡಿಸಿ, ಇಲ್ಲದಿದ್ರೆ ಒಳಗಡೆ ಹೋದ ತೂತು ಅಲ್ಲಿಂದಲೇ ಬೆಳೆಯುತ್ತೆ. ಈಗ ಮಗುಚಿ, ಗುರುತಿಗೆ ಗುರುತು ಸೇರಿಸಿ, ನಡುವಿನಿಂದ ಎರಡೂ ಕಡೆಗೆ ಪಿನ್ ಮಾಡಿ. ಒಂದು ತುದಿಯಿಂದ ಶುರು ಮಾಡಿದ್ರೆ ಇನ್ನೊಂದು ತುದೀಲಿ ಕಾಲು ಇಂಚು ಉಳ್ಕೊಂಡು ಕಾಲರ್ ಸೊಟ್ಟ ಆಗುತ್ತೆ, ಜಾಸ್ತಿ ಜನ ತಪ್ಪೋದು ಇಲ್ಲೇ. ಸೂಜಿ 11 ಅಥವಾ 14, ಹಳೇ ತೂತುಗಳ ಮೇಲೇ ಹೊಲಿಗೆ ಹೋಗಲಿ.

ಬೇಲೂರು ದಾರಿ

ಅಣ್ಣಾ, ತುದೀಲಿ ಗುಂಡಿ ಇರೋ ಕಾಲರ್‌ಗೂ ಆಗುತ್ತಾ?

ಕತ್ರಿ ಕೆಲಸ, ಚನ್ನರಾಯಪಟ್ಟಣ

ಆಗುತ್ತೆ, ಚೆನ್ನಾಗಿ ಕಾಣಲ್ಲ. ಕಾಜಾ ತಿರುವುಮುರುವಾಗಿ ಅದರ ಹಿಂಭಾಗ ಮೇಲೆ ಬರುತ್ತೆ. ಒಳಗೆ ಪ್ಲಾಸ್ಟಿಕ್ ಕಡ್ಡಿ ಹಾಕೋ ಕಾಲರಲ್ಲೂ ಹಾಗೇ, ಕಡ್ಡಿಯ ಬಾಯಿ ಮೇಲ್ಗಡೆ ಬಂದುಬಿಡುತ್ತೆ. ಅಂಥದ್ದಕ್ಕೆ ಕಾಲರ್ ಪೂರ್ತಿ ತೆಗೆದು ಪಟ್ಟಿ ಮಾತ್ರ ಉಳಿಸಿ. ಪಟ್ಟಿ ಬಾಯಿ ಮುಚ್ಚಿ ಹೊಲಿದ್ರೆ ಒಳ್ಳೇ ಕಾಲರಿಲ್ಲದ ಅಂಗಿ ಆಗುತ್ತೆ.

ಇನ್ನೊಂದು ಮಾತು. ಆಲ್ಟ್ರೇಷನ್ ತಗೊಂಡು ಟೈಲರ್ ಹತ್ರ ಹೋಗೋದಾದ್ರೆ ಆಷಾಢದಲ್ಲಿ ಅಥವಾ ಪಿತೃಪಕ್ಷದಲ್ಲಿ ಹೋಗಿ. ಮದುವೆ ಇಲ್ಲ, ಕೈ ಖಾಲಿ ಇರುತ್ತೆ, ನಿಧಾನವಾಗಿ ಬಿಚ್ಚಿ ಹೊಲೀತಾರೆ. ಜೂನ್ ಮೊದಲ ವಾರ ಯೂನಿಫಾರ್ಮ್ ನೂಕುನುಗ್ಗಲು, ದೀಪಾವಳಿ ಹಿಂದುಮುಂದು ಕೇಳೋದೇ ಬೇಡ. ಚೌಕಾಶಿ ಮಾಡಬೇಡಿ. ಬಿಚ್ಚೋದಕ್ಕೆ ಹೊಲಿಯೋದಕ್ಕಿಂತ ಜಾಸ್ತಿ ಹೊತ್ತು ಬೇಕು, ಹೊಸ ಶರ್ಟಿಗೆ ಕೊಡ್ತಿದ್ದ ದುಡ್ಡಲ್ಲಿ ಅರ್ಧ ಆದ್ರೂ ಆ ಕೈಗೆ ಸೇರಲಿ.

ಮಳೆನಾಡಕ್ಕ, ಮೂಡಿಗೆರೆ

ನಮ್ಮ ಕಡೆ ಬಟ್ಟೆ ಸವೆಯೋದಕ್ಕಿಂತ ಮೊದಲು ಬೂಸ್ಟು ಹಿಡಿಯುತ್ತೆ. ಹಾಸನದ ಬಯಲು ಕಡೆಯವರಿಗೆ ಇದರ ಕಷ್ಟ ಅಷ್ಟು ಗೊತ್ತಾಗಲಿಕ್ಕಿಲ್ಲ, ಹಾಗಾಗಿ ವಿವರವಾಗಿ ಬರೀತೀನಿ.

ಗಾಳಿಯ ತೇವ ಶೇ 65 ದಾಟಿದರೆ ಬೂಸ್ಟಿಗೆ ಅನುಕೂಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂಡಿಗೆರೆ, ಸಕಲೇಶಪುರ, ಶೃಂಗೇರಿ ಕಡೆ ಬೀರುವಿನ ಒಳಗೂ ಅದಕ್ಕಿಂತ ಮೇಲೇ ಇರುತ್ತೆ. ಬೂಸ್ಟಿಗೆ ತಿನ್ನೋಕೆ ಬೇಕಾಗಿದ್ದು ಬಟ್ಟೆಗಿಂತ ಹೆಚ್ಚಾಗಿ ಬಟ್ಟೆ ಮೇಲಿನ ಗಂಜಿ, ಬೆವರು, ಎಣ್ಣೆ ಜಿಡ್ಡು. ಆದ್ದರಿಂದ ಮೇ ತಿಂಗಳಲ್ಲೇ ಎಲ್ಲಾ ಹತ್ತಿ ಸೀರೆ, ಪಂಚೆಗಳ ಗಂಜಿ ಬಿಡೋ ಹಾಗೆ ಒಗೆದು, ಎರಡು ಬಿಸಿಲು ತೋರಿಸಿ, ಪೂರ್ತಿ ತಣ್ಣಗಾದ ಮೇಲೆ ಮಡಿಸಿಡಿ. ಬಿಸಿ ಬಿಸಿ ಮಡಿಸಿಟ್ಟರೆ ಒಳಗೇ ಬೆವರುತ್ತೆ. ಗಂಜಿ ಹಾಕಿದ್ದು ಮಳೆಗಾಲ ಮುಗಿಯೋವರೆಗೂ ಬೀರುಗೆ ಬೇಡ, ಬೆಳ್ಳಿಹುಳಕ್ಕೂ ಅದೇ ಊಟ.

ಪ್ಲಾಸ್ಟಿಕ್ ಕವರಲ್ಲಿ ಕಟ್ಟಿಡಬೇಡಿ. ಹಳೇ ಬಿಳಿ ಪಂಚೇಲಿ ಸುತ್ತಿ. ಬೀರು ಗೋಡೆಯಿಂದ ನಾಲ್ಕು ಬೆರಳು ಮುಂದಿರಲಿ, ತಳ ನೆಲಕ್ಕೆ ತಾಗದಿರಲಿ. ತೇವ ಹೀರೋಕೆ ಸುಟ್ಟ ಸುಣ್ಣದ ಕಲ್ಲು ಚೆನ್ನಾಗಿ ಕೆಲಸ ಮಾಡುತ್ತೆ: ಮಣ್ಣಿನ ಕುಡಿಕೇಲಿ ಅರ್ಧ ಕೆ.ಜಿ., ಬಾಯಿಗೆ ಬಟ್ಟೆ ಕಟ್ಟಿ ಕೆಳಗಿನ ಅರೆಯಲ್ಲಿಡಿ. ಕುಡಿಕೆ ಮೂರನೇ ಒಂದು ಭಾಗ ಮಾತ್ರ ತುಂಬಿರಲಿ, ಯಾಕಂದ್ರೆ ಸುಣ್ಣ ನೀರು ಕುಡಿದು ಉಬ್ಬುತ್ತೆ. ಪುಡಿ ಆಗಿಹೋದ್ರೆ ಅದರ ಕೆಲಸ ಮುಗೀತು, ಬದಲಾಯಿಸಿ. ನೀರು ಬಿದ್ರೆ ಕಾದುಬಿಡುತ್ತೆ, ಕಣ್ಣಿಗೆ ಬಿದ್ರೆ ಕಣ್ಣೇ ಹೋಗಬಹುದು. ಮಕ್ಕಳಿರೋ ಮನೇಲಿ ಇದು ಬೇಡ. ಲಕ್ಕಿ ಸೊಪ್ಪು, ಬಜೆ ಬೇರು ಹುಳಕ್ಕೆ ಸರಿ, ತೇವಕ್ಕೆ ಅಲ್ಲ.

ಬೂಸ್ಟು ಬಂದೇಬಿಟ್ಟರೆ ಒದ್ದೆ ಬಟ್ಟೆಯಿಂದ ಒರೆಸಬೇಡಿ, ಒಳಗೆ ಇಳಿಯುತ್ತೆ. ಮೊದಲು ಒಣಗಿಸಿ, ಅಂಗಳಕ್ಕೆ ತಂದು, ಮೂಗಿಗೆ ಬಟ್ಟೆ ಕಟ್ಟಿ ಬ್ರಷ್ಷಲ್ಲಿ ಕೊಡವಿ. ಬಿಳಿ ಹತ್ತಿ ಮೇಲಿನ ಕಪ್ಪು ಚುಕ್ಕೆಗೆ ಲೀಟರ್ ತಣ್ಣೀರಿಗೆ 10 ಮಿ.ಲೀ. ಅಂಗಡಿ ಬ್ಲೀಚ್, 10 ನಿಮಿಷ, ಆಮೇಲೆ ಮೂರು ಸಲ ಜಾಲಿಸಿ.

ನೂಲು ಲೆಕ್ಕ, ಹಾಸನ

ಅಕ್ಕ ಹೇಳಿದ್ದು ಸರಿ, ಎರಡು ಎಚ್ಚರಿಕೆ ಸೇರಿಸಬೇಕು. ಆ ಬ್ಲೀಚನ್ನು ರೇಷ್ಮೆ, ಉಣ್ಣೆಗೆ ಮುಟ್ಟಿಸಲೇಬೇಡಿ, ಎಳೆಯೇ ಕರಗುತ್ತದೆ. ಬ್ಲೀಚಿನ ಜೊತೆ ವಿನಿಗರ್, ನಿಂಬೆಹುಳಿ, ಬಾತ್‌ರೂಮ್ ಆಸಿಡ್ ಯಾವುದೂ ಸೇರಬಾರದು, ವಿಷದ ಕ್ಲೋರಿನ್ ಗಾಳಿ ಏಳುತ್ತದೆ. ಬಣ್ಣದ ಹತ್ತಿಗೆ ಸೋಡಿಯಂ ಪರ್ಕಾರ್ಬೊನೇಟ್ ತನ್ನಿ. ಐದು ಲೀಟರ್ ಬಿಸಿನೀರಿಗೆ ಒಂದು ದೊಡ್ಡ ಚಮಚ, ನೀರು 50 ಡಿಗ್ರಿ ಆಸುಪಾಸು, ನಾಲ್ಕು ಗಂಟೆ ನೆನೆಹಾಕಿ. ಮೊದಲು ಒಳಮಾರ್ಜಿನ್‌ನಲ್ಲಿ ಒಂದು ಹನಿ ಹಾಕಿ ಬಣ್ಣ ಬಿಡುತ್ತದೆಯೇ ನೋಡಿ.

ಮಲೆನಾಡಿನಲ್ಲಿ ಜನ ಪಾಲಿಯೆಸ್ಟರಿಗೆ ತಿರುಗಿದ್ದಕ್ಕೆ ಕಾರಣವೂ ಇದೇ ತೇವ. ಸಾಧಾರಣ ಹವೆಯಲ್ಲಿ ಹತ್ತಿ ತನ್ನ ತೂಕದ ಶೇ 8ರಷ್ಟು ನೀರು ಹಿಡಿದಿಡುತ್ತದೆ, ಪಾಲಿಯೆಸ್ಟರ್ ಶೇ ಅರ್ಧವೂ ಇಲ್ಲ. ಹಾಗಾಗಿ ಮನೆಯಲ್ಲಿ ಈಗಾಗಲೇ ಇರುವ ಪಾಲಿಯೆಸ್ಟರನ್ನು ತಪ್ಪಿತಸ್ಥನಂತೆ ಎಸೆಯಬೇಡಿ. ಮಳೆಗಾಲದ ಕೆಲಸಕ್ಕೆ ಅದನ್ನೇ ಹರಿಯುವವರೆಗೆ ಉಡುವುದು ಸರಿಯಾದ ದಾರಿ. ಒಗೆಯುವಾಗ ಉದುರುವ ಸಣ್ಣ ಎಳೆಗಳು ಹೊಳೆಗೆ ಸೇರುತ್ತವೆ ಎಂಬುದು ನಿಜ, ಆದ್ದರಿಂದ ತಣ್ಣೀರು, ಕಡಿಮೆ ಹೊತ್ತು, ಮೆಷಿನ್ ತುಂಬಾ ಬಟ್ಟೆ. ಉಜ್ಜಾಟ ಕಡಿಮೆಯಾದಷ್ಟೂ ಉದುರುವುದು ಕಡಿಮೆ.

ಚೊಗರು, ಕೊಪ್ಪ

ತೋಟದ ಕೆಲಸದ ಬಟ್ಟೆ ಬಗ್ಗೆ ಯಾರೂ ಹೇಳಲಿಲ್ಲ. ಬಾಳೆ ಕರೆ, ಅಡಿಕೆ ಕರೆ ಬಿದ್ದ ಅಂಗಿ ಗಟ್ಟಿ ಇದ್ರೂ ಪೇಟೆಗೆ ಹಾಕಿಕೊಂಡು ಹೋಗೋಕಾಗಲ್ಲ ಅಂತ ಮೂಲೆ ಸೇರುತ್ತೆ. ಕರೆ ತೆಗೆಯೋ ಪ್ರಯತ್ನ ಬಿಟ್ಟುಬಿಡಿ. ಪೂರ್ತಿ ಅಂಗಿಗೇ ಕರೆಯ ಬಣ್ಣ ಹಾಕಿ. ಹೆಗ್ಗೋಡಿನ ಹತ್ತಿರ ಭೀಮನಕೋಣೆಯ ಚರಕ ಅನ್ನೋ ಮಹಿಳಾ ಸಹಕಾರ ಸಂಘದವರು ಅಡಿಕೆ ಚೊಗರಲ್ಲಿ, ಅಂದ್ರೆ ಅಡಿಕೆ ಬೇಯಿಸಿ ಉಳಿದ ಕಂದು ನೀರಲ್ಲಿ, ಬಣ್ಣ ಹಾಕಿದ ಬಟ್ಟೆ ಮಾಡ್ತಾರೆ. ಅದೇ ಚೊಗರು ನಮ್ಮ ಕೊಪ್ಪ, ಶೃಂಗೇರಿ, ಎನ್.ಆರ್. ಪುರದಲ್ಲಿ ಕೊಯ್ಲಿನ ಕಾಲದಲ್ಲಿ ಅಡಿಕೆ ಬೇಯಿಸೋ ಎಲ್ಲಾ ಮನೇಲೂ ಇರುತ್ತೆ.

ಒಂದು ಕೆ.ಜಿ. ಒಣ ಹತ್ತಿ ಬಟ್ಟೆಗೆ ಲೆಕ್ಕ ಕೊಡ್ತೀನಿ, ಅಂದ್ರೆ ನಾಲ್ಕೈದು ಅಂಗಿ.

ಮೊದಲು 20 ಗ್ರಾಂ ವಾಷಿಂಗ್ ಸೋಡ, ಸ್ವಲ್ಪ ಸೋಪಿನ ನೀರಲ್ಲಿ ಒಂದು ಗಂಟೆ ಕುದಿಸಿ ಚೆನ್ನಾಗಿ ತೊಳೀರಿ. ಜಿಡ್ಡು ಉಳಿದ ಕಡೆ ಬಣ್ಣ ಹಿಡಿಯಲ್ಲ, ಮಚ್ಚೆ ಮಚ್ಚೆ ಆಗೋದು ಇದರಿಂದ. 20 ಲೀಟರ್ ನೀರಿಗೆ ಗಟ್ಟಿ ಚೊಗರು ಕಾಲು ಲೀಟರಿನಿಂದ ಶುರು ಮಾಡಿ. ಚೊಗರಿನ ಗಟ್ಟಿತನ ಒಂದೊಂದು ಮನೇದು ಒಂದೊಂದು ಥರ, ಆದ್ದರಿಂದ ಮೊದಲು ಒಂದು ಗೇಣು ಪಟ್ಟಿ ಅದ್ದಿ, ಒಣಗಿಸಿ ನೋಡಿ. ಒದ್ದೇಲಿ ಕಾಣೋ ಬಣ್ಣ ನಂಬಬೇಡಿ. ಸ್ಟೀಲ್ ಪಾತ್ರೆ ಇರಲಿ, ಕಬ್ಬಿಣದ ಬಾಣಲೆ ಬೇಡ. ಬಟ್ಟೆ ಒದ್ದೆ ಮಾಡಿಯೇ ಇಳಿಸಿ, ಕುದಿಯೋಕೆ ಸ್ವಲ್ಪ ಮುಂಚಿನ ಬಿಸೀಲಿ ಒಂದು ಗಂಟೆ, ಐದು ನಿಮಿಷಕ್ಕೊಮ್ಮೆ ತಿರುವ್ತಾ ಇರಿ. ರಾತ್ರಿಯೆಲ್ಲಾ ಅದರಲ್ಲೇ ಆರೋಕೆ ಬಿಡಿ.

ಮಾರನೇ ದಿನ ಹಿಂಡಿ, 150 ಗ್ರಾಂ ಪಟಿಕ ಕರಗಿಸಿದ ಬೆಚ್ಚನೆ ನೀರಲ್ಲಿ ಅರ್ಧ ಗಂಟೆ ಅದ್ದಿದ್ರೆ ಕೆಂಗಂದು ನಿಲ್ಲುತ್ತೆ. ಪಟಿಕದ ಬದಲು ಅನ್ನಭೇದಿ (ಕಬ್ಬಿಣದ ಉಪ್ಪು, ಫೆರಸ್ ಸಲ್ಫೇಟ್) 20 ಗ್ರಾಂ ಹಾಕಿದ್ರೆ ಬೂದು, ಕಪ್ಪಿನ ಕಡೆ ಹೋಗುತ್ತೆ, ಬಾಳೆ ಕರೆ ಪೂರ್ತಿ ಮುಚ್ಚುತ್ತೆ. ಅನ್ನಭೇದೀಲಿ 10 ನಿಮಿಷ ಸಾಕು. ಇನ್ನೂ ಕಪ್ಪು ಬೇಕು ಅಂತ 50, 60 ಗ್ರಾಂ ಸುರಿದ್ರೆ ಎರಡು ವರ್ಷದಲ್ಲಿ ಬಟ್ಟೆ ಮಡಿಕೆ ಮಡಿಕೇಲೂ ಸೀಳುತ್ತೆ. ಕಬ್ಬಿಣ ಹತ್ತಿ ಎಳೇನ ಒಳಗಿಂದ ತಿನ್ನುತ್ತೆ. ಕಪ್ಪು ಬೇಕಾದ್ರೆ ಚೊಗರು ಹೆಚ್ಚು ಮಾಡಿ, ಅನ್ನಭೇದಿ ಅಲ್ಲ. ಮಿಕ್ಕ ನೀರು ಬಾವಿ, ಕೆರೆ ಹತ್ತಿರ ಚೆಲ್ಲಬೇಡಿ.

ಬೇಲೂರು ದಾರಿ

ರೆಡಿಮೇಡ್ ಅಂಗಿಗೆ ಹಾಕಿದ್ರೆ ಹೊಲಿಗೆ ಮಾತ್ರ ಬಿಳಿಯಾಗಿ ಉಳಿಯುತ್ತಂತೆ?

ಚೊಗರು, ಕೊಪ್ಪ

ಹೌದು, ದಾರ ಪಾಲಿಯೆಸ್ಟರ್ ಆಗಿರುತ್ತೆ, ಬಣ್ಣ ಕುಡಿಯಲ್ಲ. ಟೆರಿಕಾಟ್ ಅಂಗಿ ಹಾಕಿದ್ರೂ ಹಾಗೇ, ಹತ್ತಿಯ ಪಾಲು ಮಾತ್ರ ಹಿಡಿದು ಮಂಕಾಗಿ ಬರುತ್ತೆ. ಸುಕ್ಕುಗಟ್ಟದ ಬಟ್ಟೆ ಅಂತ ಮಾರಿದ್ದಕ್ಕೆ ಮೇಲೆ ರಾಳದ ಲೇಪ ಇರುತ್ತೆ, ಅದೂ ಸಮನಾಗಿ ಹಿಡಿಯಲ್ಲ. ಬಿಳಿ ಹೊಲಿಗೆ ಕೆಲವರಿಗೆ ಇಷ್ಟವಾಗುತ್ತೆ. ಆಗಲಿಲ್ಲ ಅಂದ್ರೆ ಮೇಲೆ ಕಾಣೋ ಸಾಲು ಬಿಚ್ಚಿ ಹೊಲಿಸಬೇಕು.

ಬಿ.ಎಂ. ರಸ್ತೆ, ಹಾಸನ

ಎಲ್ಲರೂ ಬಟ್ಟೆ ಬಗ್ಗೆ ಹೇಳ್ತಿದ್ದೀರಿ, ಹೊಲಿಯೋರ ಬಗ್ಗೆ ಒಂದು ಪ್ರಶ್ನೆ ಇದೆ. ಹಾಸನದ ಕೈಗಾರಿಕಾ ಪ್ರದೇಶದ ಜವಳಿ ಕಾರ್ಖಾನೆಗಳಿಗೆ ಸುತ್ತಲ ಹಳ್ಳಿಗಳಿಂದ ದಿನಾ ಬಸ್ಸಲ್ಲಿ ಬರೋ ಹೆಣ್ಣುಮಕ್ಕಳಿದ್ದಾರೆ. ಕೊಳ್ಳೋದು ನಿಂತರೆ ಮೊದಲು ಹೋಗೋದು ಅವರ ಕೆಲಸ ಅಲ್ವಾ? ಅವರ ಹೆಸರು ಹೇಳಿ ಶುರು ಮಾಡಿದ ವ್ರತ ಅವರ ಹೊಟ್ಟೆಗೇ ಹೊಡೀಬಾರದು.

ಹೇಮಾವತಿ ದಡ, ಹಾಸನ

ಈ ಪ್ರಶ್ನೆ ಬರಬೇಕಿತ್ತು, ಕೇಳಿದ್ದು ಒಳ್ಳೇದಾಯ್ತು. ನೂರು ಮನೆ ಕೊಳ್ಳದೆ ಇದ್ದರೆ ಕಾರ್ಖಾನೆ ಮುಚ್ಚಲ್ಲ, ಆದರೆ ಅದನ್ನೇ ನೆಪ ಮಾಡಿಕೊಂಡು ನಿಮ್ಮ ಮಾತು ತಳ್ಳಿಹಾಕೋದಿಲ್ಲ. ಕೊಳ್ಳದೆ ಇರೋದು ಕಾರ್ಮಿಕರ ಪರ ಆಗಬೇಕಾದ್ರೆ ಜೊತೆಗೆ ಇನ್ನೊಂದು ಇರಬೇಕು. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಪಿಎಫ್ ಹಣ ತೆಗೆಯೋಕೆ ತಡೆ ಹಾಕಿದ ನಿಯಮದ ವಿರುದ್ಧ ಬೀದಿಗಿಳಿದರು, ಎರಡು ದಿನದಲ್ಲಿ ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತಗೊಂಡಿತು. ಗೆದ್ದದ್ದು ಅವರೇ, ಗ್ರಾಹಕರಲ್ಲ. ಕನಿಷ್ಠ ವೇತನ ಪರಿಷ್ಕರಣೆಯ ಕರಡು ಸರ್ಕಾರ ಪ್ರಕಟಿಸಿದಾಗ ಆಕ್ಷೇಪಣೆ, ಸಲಹೆ ಕಳಿಸೋಕೆ ಎರಡು ತಿಂಗಳು ಸಮಯ ಕೊಡ್ತಾರೆ, ಯಾರು ಬೇಕಾದರೂ ಬರೀಬಹುದು. ಮಾಲೀಕರ ಕಡೆಯಿಂದ ಪತ್ರ ಹೋಗುತ್ತೆ, ಬಟ್ಟೆ ಉಡೋರ ಕಡೆಯಿಂದ ಹೋಗೋದಿಲ್ಲ. ಅದನ್ನ ಈ ವರ್ಷದ ಕೆಲಸಕ್ಕೆ ಸೇರಿಸೋಣ.

ಬಿ.ಎಂ. ರಸ್ತೆ, ಹಾಸನ

ಇದು ಒಪ್ಪುವ ಮಾತು. ಮುಂದೆ ಕೊಳ್ಳೋ ದಿನ ಬಂದಾಗ ಕೈಮಗ್ಗ, ಖಾದಿ ಮೊದಲು ಅಂತಲೂ ಸೇರಿಸಿ.

ಮಳೆನಾಡಕ್ಕ, ಮೂಡಿಗೆರೆ

ನಿಯಮದಲ್ಲಿ ಒಂದು ಕೊರತೆ ಇದೆ. ನಾವು ಕೊಳ್ಳದೆ ಇದ್ದರೂ ಬಟ್ಟೆ ಮನೆಗೆ ಬರುತ್ತೆ: ಗೃಹಪ್ರವೇಶ, ಗೌರಿ ಬಾಗಿನ, ಅರಿಶಿನ ಕುಂಕುಮ, ಮುಯ್ಯಿ. ತಾಂಬೂಲದ ಜೊತೆ ಬಂದ ರವಿಕೆ ಕಣ ಬೇಡ ಅನ್ನೋಕಾಗಲ್ಲ, ಅನ್ನಲೂಬಾರದು. ನಾವು ಕೊಡೋವಾಗ ಬದಲಾಯಿಸಬಹುದು. ಹೊಲಿಸೋಕೆ ಆಗದ ತೆಳು ಪಾಲಿಯೆಸ್ಟರ್ ಕಣ ಹತ್ತು ಜನರಿಗೆ ಕೊಡೋ ಬದಲು ತೆಂಗಿನಕಾಯಿ, ಬೆಲ್ಲ, ಒಂದು ಹಿಡಿ ಮೆಣಸು ಇಟ್ಟರೆ ಮಡಿಲು ತುಂಬಿದಂತೆಯೇ. ಈಗಾಗಲೇ ಬಂದ ಹತ್ತಿ ಕಣ 80 ಸೆಂ.ಮೀ. ಇದ್ದರೂ ಉಪಯೋಗಕ್ಕೆ ಬರುತ್ತೆ: ರವಿಕೆ ಕಂಕುಳಿಗೆ ಚೌಕ ತುಂಡು, ಪ್ಯಾಂಟಿನ ಜೇಬಿನ ಚೀಲ, ಹರಿದ ಲಂಗದ ಪಟ್ಟಿ.

ಕತ್ರಿ ಕೆಲಸ, ಚನ್ನರಾಯಪಟ್ಟಣ

ಕಂಕುಳಿನ ತುಂಡು 3 ಇಂಚು ಚೌಕ, ಓರೆಯಾಗಿ ಕೂರಿಸಿ, ನಾಲ್ಕು ಮೂಲೆಯೂ ನಾಲ್ಕು ಹೊಲಿಗೆಗೆ ಸೇರಬೇಕು. ರವಿಕೆ ಬಟ್ಟೆ ಅಲ್ಲಿ ಹರಿಯೋದು ಬೆವರಿಂದ ಮಾತ್ರ ಅಲ್ಲ, ಕೈ ಎತ್ತಿದಾಗ ಎಳೆತ ಬೀಳೋದರಿಂದ. ಬರೀ ತೇಪೆ ಹಾಕಿದ್ರೆ ತೇಪೆ ಅಂಚಲ್ಲಿ ಮತ್ತೆ ಹರಿಯುತ್ತೆ, ಚೌಕ ತುಂಡು ಜಾಗ ಕೊಡುತ್ತೆ.

ಜೀನ್ಸ್ ತೊಡೆಗೆ ತೇಪೆ ಒಳಗಡೆಯಿಂದ ಹಾಕಿ. ಸವೆದ ಜಾಗಕ್ಕಿಂತ ಸುತ್ತ ಒಂದು ಇಂಚು ದೊಡ್ಡದು, ಮೂಲೆ ದುಂಡಗೆ. ಹೊಸ ಗಡಸು ಬಟ್ಟೆ ಬೇಡ, ಹಳೇ ಜೀನ್ಸ್ ತುಂಡೇ ಹಾಕಿ, ಇಲ್ಲದಿದ್ರೆ ಗಡಸು ಬಟ್ಟೆ ಪಕ್ಕದ ಸವೆದ ಬಟ್ಟೇನ ಕತ್ತರಿಸಿದ ಹಾಗೆ ಹರೀತದೆ. ಸೂಜಿ 16, ಹಾಸಿನ ಎಳೆ ಉದ್ದಕ್ಕೆ ಕಾಲು ಇಂಚಿಗೊಂದು ಸಾಲು, ಸಾಲುಗಳ ತುದಿ ಒಂದೇ ಗೆರೇಲಿ ನಿಲ್ಲಿಸಬೇಡಿ.

ಯೂನಿಫಾರ್ಮ್ ಪ್ಯಾಂಟಿನ ಕಾಲು ಮೂರು ಇಂಚು ಒಳಗೆ ಮಡಿಸಿ ಹೊಲಿಸಿದ್ರೆ ವರ್ಷಕ್ಕೊಂದು ಇಂಚು ಬಿಡಬಹುದು. ಬಿಟ್ಟಾಗ ಹಳೇ ಗೆರೆ ಕಾಣುತ್ತೆ. ವಿನಿಗರ್, ನೀರು ಸಮಸಮ ಬೆರೆಸಿ ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಮಾಡಿದ್ರೆ ಹತ್ತೀಲಿ ಬಹುಪಾಲು ಹೋಗುತ್ತೆ. ಪಾಲಿಯೆಸ್ಟರ್ ಮಿಶ್ರಣದಲ್ಲಿ ಪೂರ್ತಿ ಹೋಗಲ್ಲ, ಬಿಸಿಗೆ ಮಡಿಕೆ ಅಚ್ಚಾಗಿಬಿಟ್ಟಿರುತ್ತೆ.

ಬೇಲೂರು ದಾರಿ

ಬೇರೆಯವರು ಉಟ್ಟ ಬಟ್ಟೆ ತಂದಾಗ ಕಜ್ಜಿ, ತುರಿಕೆ ಅಂಟುತ್ತೆ ಅಂತ ಮನೆಯವರಿಗೆ ಭಯ.

ನೂಲು ಲೆಕ್ಕ, ಹಾಸನ

ಕಜ್ಜಿಯ ಹುಳು ಮೈ ಬಿಟ್ಟು ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ತಂದ ಬಟ್ಟೆಯನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಬಿಡಿ. ಹತ್ತಿಯಾದರೆ 60 ಡಿಗ್ರಿ ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ ಒಗೆಯಿರಿ, ಒಣಗಿದ ಮೇಲೆ ಹೊಲಿಗೆ ಸಂದುಗಳಿಗೆ ಬಿಸಿ ಇಸ್ತ್ರಿ ಹಾಯಿಸಿ. ಇಷ್ಟಾದ ಮೇಲೆ ಭಯಕ್ಕೆ ಕಾರಣವಿಲ್ಲ.

ಚೊಗರು, ಕೊಪ್ಪ

ಇನ್ನು ಯಾವ ರಿಪೇರಿಗೂ ಬಗ್ಗದ ಸೀರೆ ಉಳಿಯುತ್ತಲ್ಲ, ಅದಕ್ಕೆ ಕೌದಿ. ಐದೂವರೆ ಮೀಟರ್ ಹತ್ತಿ ಸೀರೆ ಮೂರು ತುಂಡು ಮಾಡಿದ್ರೆ ಒಂದೊಂದು ಹತ್ತಿರ ಹತ್ತಿರ 1.8 ಮೀಟರ್, ಒಂದರ ಮೇಲೊಂದು ಹಾಸಿದ್ರೆ ಮಗುವಿಗೆ ಮೂರು ಪದರದ ಕೌದಿ ಒಂದೇ ಸೀರೇಲಿ ಆಗುತ್ತೆ. ಫಾಲ್ ಮೊದಲೇ ಬಿಚ್ಚಿ ತೆಗೀರಿ, ಅದು ಬೇರೆ ಥರ ಕುಗ್ಗಿ ಅಂಚು ಸುರುಟುತ್ತೆ. ಅಂಚಿನಿಂದ ಶುರು ಮಾಡಿ ಸುತ್ತು ಸುತ್ತಾಗಿ ನಡುವಿಗೆ ಬನ್ನಿ, ಸಾಲಿಗೂ ಸಾಲಿಗೂ ಒಂದು ಬೆರಳು. ಮಲೆನಾಡಲ್ಲಿ ನಾಲ್ಕು ಪದರ ದಾಟಬೇಡಿ, ಮಳೆಗಾಲದಲ್ಲಿ ಒಣಗೋದೇ ಇಲ್ಲ.

ಬೇಲೂರು ದಾರಿ

ಪಾತ್ರೆಯವರಿಗೆ ಹಾಕಬಹುದಾ ಉಳಿದಿದ್ದು?

ಹೇಮಾವತಿ ದಡ, ಹಾಸನ

ಉಡಬಹುದಾದ್ದು ಹಾಕಿ, ಅವರ ಕೈಯಿಂದ ಮತ್ತೆ ಉಡೋರಿಗೆ ಹೋಗುತ್ತೆ. ಜಿಪ್, ಗುಂಡಿ ಕಿತ್ತುಕೊಂಡು ಹಾಕಬೇಡಿ, ಅವು ಇಲ್ಲದ ಪ್ಯಾಂಟನ್ನ ಯಾರೂ ತಗೊಳ್ಳಲ್ಲ. ಪೂರ್ತಿ ಹರಿದ ಹತ್ತಿ ಬನಿಯನ್ನು ಒರೆಸೋಕೆ ಇಟ್ಕೊಳ್ಳಿ. ಪಾಲಿಯೆಸ್ಟರ್ ನೀರು ಹೀರಲ್ಲ, ಅದು ದಿಂಬಿನ ಒಳಗೆ ತುಂಬೋಕೆ ಆಗುತ್ತೆ.

ಕತ್ರಿ ಕೆಲಸ, ಚನ್ನರಾಯಪಟ್ಟಣ

ಜಿಪ್ ಅಂದಿದ್ದಕ್ಕೆ ಒಂದು: ಹಲ್ಲು ಸರಿ ಇದ್ದು ಹಿಂದೆ ಹಿಂದೆ ಬಾಯಿ ಬಿಟ್ಕೊಳ್ತಿದ್ರೆ ಜಿಪ್ ಬದಲಾಯಿಸಬೇಡಿ, ಸವೆದಿರೋದು ರನ್ನರ್ ಮಾತ್ರ. ರನ್ನರಿನ ಎರಡು ಪಕ್ಕ ಇಕ್ಕಳದಲ್ಲಿ ಮೆಲ್ಲಗೆ, ಎರಡೂ ಕಡೆ ಸಮ ಒತ್ತಿ ನೋಡಿ. ಜೋರಾಗಿ ಒತ್ತಿದ್ರೆ ಬಿರಿದುಹೋಗುತ್ತೆ. ಅದರಲ್ಲೂ ಆಗದಿದ್ರೆ ರನ್ನರ್ ಹಿಂದೆ 3 ಅಥವಾ 5 ಅಂತ ನಂಬರ್ ಇರುತ್ತಾ ನೋಡಿ, ಅದೇ ನಂಬರಿನ ರನ್ನರ್ ಒಂದು ತಂದು ಜಿಪ್ಪಿನ ಕೆಳತುದಿಯಿಂದ ತೂರಿಸಿ, ಮೂರು ಸುತ್ತು ದಾರ ಹಾಕಿ ತುದಿ ಬಿಗೀರಿ.